ರಿಮೋಟ್ ವಿಮಾನ: ನೆಲದ ಮೇಲೆ ಎಲಿವೇಟರ್ (ಮೂಗು ಏಳಿಸೋ ಬಾಲದ ಪಟ್ಟಿ) ಸರಿ, ಡೈವ್ ಹೊಡೆದ್ರೆ ಸತ್ತೇಹೋಗುತ್ತೆ!!

ತರಲೆ_ಪೈಲಟ್:
ಎರಡನೇ ಸಲ ಮೂಗು ಮುರೀತು, ತಲೆ ಕೆಟ್ಟೋಗಿದೆ. ಮೆಲ್ಲಗೆ ಹಾರಿಸಿದ್ರೆ ಹೇಳಿದ ಮಾತು ಕೇಳುತ್ತೆ. ಡೈವ್ ಹೊಡೆದು ಸ್ಟಿಕ್ ಪೂರ್ತಿ ಎಳೆದ್ರೆ ಏಳೋದೇ ಇಲ್ಲ, ನೇರ ಹೊಲಕ್ಕೆ. ರೇಡಿಯೋ ಹೊಸದು. ಏನ್ ಮಾಡ್ಲಿ?

ಬಾಲ್ಸಾ_ಭಟ್ಟ:
ಮೂಗು ಭಾರ. ಸಿಜಿ (ತೂಕ ಸಮ ಆಗೋ ಜಾಗ) ನೋಡಿ. ರೆಕ್ಕೆ ಅಗಲದಲ್ಲಿ ಮುಂದಿನಿಂದ ಶೇ. 25–30ರ ಜಾಗದಲ್ಲಿ ಬೆರಳಿಟ್ಟು ಎತ್ತಿ.

ತರಲೆ_ಪೈಲಟ್:
28ಕ್ಕೆ ನಿಲ್ತು ಸಾರ್.

ಬಾಲ್ಸಾ_ಭಟ್ಟ:
ಬ್ಯಾಟರಿ ಹಾಕಿ ನೋಡಿದ್ರಾ?

ತರಲೆ_ಪೈಲಟ್:
ಹಾಕೇ ನೋಡಿದ್ದು.

ಬಾಲ್ಸಾ_ಭಟ್ಟ:
ಹಾಗಾದ್ರೆ ಅಳತೆ ತಪ್ಪಿದೆ.

ಸನ್‌ಬೋರ್ಡ್_ಸೀನ:
ಭಟ್ರೇ, ಮೂಗು ಭಾರ ಇದ್ರೆ ನಿಧಾನಕ್ಕೆ ಇಳಿಸೋವಾಗ್ಲೇ ಕಾಟ ಕೊಡ್ಬೇಕಿತ್ತು. ಪೈಲಟ್, ಎಲಿವೇಟರ್ ತಿರುಗಿಸೋ ಪುಟ್ಟ ಮೋಟಾರು, ಸರ್ವೋ ಯಾವ್ದು? ಅದ್ರಿಂದ ಎಲಿವೇಟರ್‌ಗೆ ಹೋಗೋ ತಂತಿ ಎಷ್ಟು ದಪ್ಪ? ತಂತಿ ಸಿಕ್ಕಿಸೋ ಹಾರ್ನ್ ಎಲಿವೇಟರ್ ಮೇಲಿದ್ಯಾ, ಕೆಳಗಾ?

ತರಲೆ_ಪೈಲಟ್:
ಎಲ್ರೂ ಹಾಕೋದೇ ಅಲ್ವಾ? 9 ಗ್ರಾಂ ಸರ್ವೋ, 1 ಎಂಎಂ ತಂತಿ, ಹಾರ್ನ್ ಕೆಳಗೆ. ಸರ್ವೋ ರೆಕ್ಕೆ ಕೆಳಗಿದೆ, ಅಲ್ಲಿಂದ ಬಾಲದವರೆಗೆ ತಂತಿ ಹೊರಗೇ ಓಡುತ್ತೆ.

ಸನ್‌ಬೋರ್ಡ್_ಸೀನ:
ಇದನ್ನ ಮೊದ್ಲೇ ಹೇಳೋದಲ್ವೇನಯ್ಯಾ! ವೇಗ ಎರಡು ಪಟ್ಟಾದ್ರೆ ಎಲಿವೇಟರ್ ಮೇಲೆ ಗಾಳಿ ಒತ್ತೋದು ನಾಲ್ಕು ಪಟ್ಟು. ಹಾರ್ನ್ ಕೆಳಗಿದ್ರೆ, ಎಲಿವೇಟರ್ ಮೇಲೇಳೋಕೆ ತಂತಿ ಹಿಂದಕ್ಕೆ ತಳ್ಳಬೇಕು. ತೆಳು ತಂತಿ ತಳ್ಳಲ್ಲ, ಬಿಲ್ಲಿನ ಥರ ಬಾಗುತ್ತೆ. ಸರ್ವೋ ತಿರುಗುತ್ತೆ, ಎಲಿವೇಟರ್ ಇದ್ದಲ್ಲೇ ಇರುತ್ತೆ. ಅದನ್ನ ಬೆರಳಲ್ಲಿ ಒತ್ತಿ ಹಿಡಿದು ಸ್ಟಿಕ್ ಎಳೆದು ನೋಡು.

ಬಾಲ್ಸಾ_ಭಟ್ಟ:
ಬಾಲ್ಸಾ ಮರದಲ್ಲಿ ಕಟ್ಟಿದ್ರೆ ಈ ರಗಳೆನೇ ಇರ್ತಿರ್ಲಿಲ್ಲ.

ಸನ್‌ಬೋರ್ಡ್_ಸೀನ:
ತಂತಿಗೆ ಯಾವ ಬಾಲ್ಸಾ ಸ್ವಾಮಿ?

ಡೆಲ್ಟಾ_ದೊರೆ:
ನಾನು ಬಾಲವಿಲ್ಲದ ಡೆಲ್ಟಾ (ತ್ರಿಕೋನ ರೆಕ್ಕೆ ವಿಮಾನ) ಹಾರಿಸ್ತೀನಿ, 4ಎಸ್ (ನಾಲ್ಕು ಸೆಲ್) ಬ್ಯಾಟರಿ, ಲೋಹದ ಗೇರ್ ಸರ್ವೋ. ನಮ್ಮ ತೇಜಸ್‌ಗೂ ಅಡ್ಡ ಬಾಲ ಇಲ್ಲ, ಮೂಗೆತ್ತೋದು, ಓರೆ ಮಾಡೋದು, ಎರಡೂ ಕೆಲಸ ರೆಕ್ಕೆ ಹಿಂಬದಿಯ ಎಲಿವಾನ್‌ಗಳೇ ಮಾಡೋದು. ಫೋಟೋ ಹಾಕ್ಲಾ?

ಸನ್‌ಬೋರ್ಡ್_ಸೀನ:
ಬೇರೆ ಚರ್ಚೆ ಶುರು ಮಾಡಿ ಹಾಕಿ ಮಾರಾಯ್ರೆ.

ತರಲೆ_ಪೈಲಟ್:
ಒತ್ತಿ ನೋಡ್ದೆ. ತಂತಿ ಒಂದು ಬೆರಳಷ್ಟು ಹೊರಗೆ ಬಾಗ್ತು!! ಸೈಕಲ್ ಕಡ್ಡಿ ಹಾಕಿದ್ರೆ ಸಾಕಾ?

ಸನ್‌ಬೋರ್ಡ್_ಸೀನ:
ಬಾಲ ಭಾರ ಆಗುತ್ತೆ. ಹಾರ್ನ್ ಮೇಲಕ್ಕೆ ಹಾಕು, ಆಗ ಮೂಗೆತ್ತೋಕೆ ತಂತಿ ಎಳೆದ್ರೆ ಸಾಕು. ಎಳೆಯೋವಾಗ ತಂತಿ ಬಾಗಲ್ಲ. ನಡುವೆ ಎರಡು ಕಡೆ ಎಳನೀರು ಸ್ಟ್ರಾ ತುಂಡು ಅಂಟಿಸಿ ಅದ್ರೊಳಗೆ ತಂತಿ ಹಾಯಿಸು. ರೇಡಿಯೋದಲ್ಲಿ ಎಲಿವೇಟರ್ ರಿವರ್ಸ್ ಮಾಡೋದು ಮರೀಬೇಡ, ಇಲ್ಲಾಂದ್ರೆ ಮೂರನೇ ಮೂಗು.

ತರಲೆ_ಪೈಲಟ್:
ಭಾನುವಾರ ಹಾರಿಸಿ ಹೇಳ್ತೀನಿ.

ಬಾಲ್ಸಾ_ಭಟ್ಟ:
ಹಾರಿಸೋ ಮುಂಚೆ ಸಿಜಿ ಇನ್ನೊಂದು ಸಲ ನೋಡಿ.