ಚಕ್ರ ತಿರುಗುವುದು ಕಾಣುವ ಹಾಗೆ ರ‍್ಯಾಲಿ ಕಾರಿನ ಫೋಟೋ ತೆಗೆಯೋದು ಹೇಗೆ?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ‍್ಯಾಲಿಗೆ ಈ ಸಲ ಕ್ಯಾಮೆರಾ ಹಿಡಿದು ಹೋಗಬೇಕು ಅಂತಿದ್ದೇನೆ. ನನ್ನ ಹತ್ತಿರ ಇರುವುದು ಕ್ಯಾನನ್ 200ಡಿ ಕ್ಯಾಮೆರಾ ಮತ್ತು 55-250 ಮಿ.ಮೀ. ಜೂಮ್ ಲೆನ್ಸ್. ಮೊನ್ನೆ ಇಲ್ಲೇ ಒಂದು ಸಣ್ಣ ಆಟೋಕ್ರಾಸ್ (ಮೈದಾನದ ಕಾರು ಸ್ಪರ್ಧೆ) ಇತ್ತು. ಶಟರ್ 1/2000 ಸೆಕೆಂಡ್ ಇಟ್ಟು ತೆಗೆದೆ. ಎಲ್ಲಾ ಶಾರ್ಪ್ ಆಗಿವೆ, ಬಾಗಿಲ ಮೇಲಿನ ಸ್ಟಿಕ್ಕರ್ ಕೂಡ ಓದಬಹುದು. ಆದರೆ ಕಾರು ಮಣ್ಣಿನ ಮೇಲೆ ಸುಮ್ನೆ ನಿಲ್ಲಿಸಿಟ್ಟ ಹಾಗಿದೆ. ಅಲ್ಲಿ ನಿಂತಾಗ ಎದೆ ನಡುಗುವಷ್ಟು ಸದ್ದು ಇತ್ತು, ಫೋಟೋದಲ್ಲಿ ಅದರ ಸುಳಿವೇ ಇಲ್ಲ. 1/30ಕ್ಕೆ ಇಳಿಸಿದರೆ ಎಲ್ಲಾ ಕಲಸಿಹೋಗುತ್ತದೆ. ಲೆನ್ಸ್ ಬದಲಾಯಿಸಬೇಕಾ? ತೋಟದೊಳಗೆ ಎಲ್ಲಿ ನಿಲ್ಲಬೇಕು?

ಸಿಲ್ವರ್‌ಓಕ್_ನೆರಳು

ಲೆನ್ಸ್ ಬೇಡ ಮೇಡಂ, 55-250 ಧಾರಾಳ ಸಾಕು. ತೋಟದ ರಸ್ತೆ ಕಿರಿದು, ಕಾರು ಹತ್ತಿರದಲ್ಲೇ ಹಾದುಹೋಗುತ್ತದೆ. ಎಷ್ಟೋ ಸಲ 250 ಜಾಸ್ತಿಯೇ ಆಗುತ್ತದೆ.

ಮೊದಲು ಚಕ್ರದ ಲೆಕ್ಕ ನೋಡಿ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಚಕ್ರ ಒಂದು ಸುತ್ತು ಬಂದರೆ ಕಾರು ಹೆಚ್ಚುಕಮ್ಮಿ 2 ಮೀಟರ್ ಮುಂದೆ ಹೋಗುತ್ತದೆ. ಅಲ್ಲಿಗೆ ಸೆಕೆಂಡಿಗೆ 14 ಸುತ್ತು. 1/2000ರಲ್ಲಿ ಆ ಚಕ್ರ ತಿರುಗುವುದು ಬರೀ 2-3 ಡಿಗ್ರಿ. ನಿಂತ ಹಾಗೆ ಕಾಣದೆ ಇನ್ನೇನಾಗುತ್ತದೆ? 1/125ರಲ್ಲಿ 40 ಡಿಗ್ರಿ ತಿರುಗುತ್ತದೆ. 1/60ರಲ್ಲಿ ಹತ್ತಿರ ಹತ್ತಿರ ಕಾಲು ಸುತ್ತು. ರಿಮ್ಮಿನ ಕಡ್ಡಿಗಳು ಕರಗಿ ವೇಗ ಕಾಣುವುದು ಅಲ್ಲಿ.

ಇದರಲ್ಲೇ ಇನ್ನೊಂದು ಮಾತಿದೆ. ಹೇರ್‌ಪಿನ್ ತಿರುವಲ್ಲಿ ಕಾರು 40ಕ್ಕೆ ಇಳಿದಿರುತ್ತದೆ. ಕಾರು ನಿಧಾನ ಅಂತ ಅಲ್ಲಿ ಶಟರ್ ಏರಿಸುವವರೇ ಜಾಸ್ತಿ. ಮಾಡಬೇಕಾದ್ದು ಉಲ್ಟಾ. ನಿಧಾನದ ತಿರುವಿಗೆ 1/60 ಅಥವಾ ಅದಕ್ಕೂ ಕೆಳಗೆ, ನೇರ ರಸ್ತೆಯ ವೇಗಕ್ಕೆ 1/160 ಕೂಡ ನಡೆಯುತ್ತದೆ.

ಇಷ್ಟು ನಿಧಾನದ ಶಟರಿನಲ್ಲಿ ಕಾರು ಕಲಸಿಹೋಗಬಾರದು ಅಂದರೆ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆಯಬೇಕು, ಇದಕ್ಕೇ ಪ್ಯಾನ್ ಮಾಡುವುದು ಅನ್ನುತ್ತಾರೆ. ನೀವು ಒಮ್ಮೆಲೇ 1/30ಕ್ಕೆ ಹಾರಬೇಡಿ. 1/250ರಿಂದ ಶುರು ಮಾಡಿ. ಕೈ ಕೂತ ಮೇಲೆ 1/160, ಆಮೇಲೆ 1/125, ಆಮೇಲೆ 1/80. ಹಾಸನದಲ್ಲೇ ಅಭ್ಯಾಸ ಮಾಡಬಹುದು. ಬೆಳಿಗ್ಗೆ ಫುಟ್‌ಪಾತ್ ಮೇಲೆ ನಿಂತು ಸರ್ಕಾರಿ ಬಸ್ಸು, ಆಟೋ, ಶಾಲೆಗೆ ಹೋಗುವ ಸೈಕಲ್ ಯಾವುದಾದರೂ ಸರಿ.

ಕೈಗಿಂತ ಕಾಲು ಮುಖ್ಯ. ಬಟನ್ ಒತ್ತುವ ಜಾಗ ಎಲ್ಲಿ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಎರಡೂ ಪಾದ ಆ ಕಡೆಗೇ ಇರಲಿ. ಆಮೇಲೆ ಸೊಂಟ ಮಾತ್ರ ತಿರುಚಿ, ಕಾರು ಬರುವ ಕಡೆ ನೋಡಿ. ಕಾರು ಬಂದಂತೆ ಸೊಂಟ ತಾನಾಗಿ ಬಿಚ್ಚಿಕೊಳ್ಳುತ್ತದೆ, ನಿಮ್ಮ ಜಾಗಕ್ಕೆ ಬರುವಾಗ ಮೈ ಸಡಿಲ ಇರುತ್ತದೆ. ಮೊಣಕೈ ಪಕ್ಕೆಗೆ ಅಂಟಿರಲಿ. ಒತ್ತಿದ ಮೇಲೂ ತಿರುಗುತ್ತಲೇ ಇರಿ. ಕ್ಲಿಕ್ ಅಂದ ಕೂಡಲೇ ನಿಂತುಬಿಟ್ಟರೆ ಆ ಫೋಟೋ ಕೆಟ್ಟಿತು ಅಂತಲೇ ಲೆಕ್ಕ.

ಕಾರಿನ ಮೂತಿ, ಬಾಲ ಎರಡೂ ಶಾರ್ಪ್ ಬರಲಿ ಅಂತ ಹಟ ಬೇಡ. ಹತ್ತಿರದಿಂದ ತೆಗೆದಾಗ ಕಾರಿನ ಕೋನ ಬದಲಾಗುತ್ತಲೇ ಇರುತ್ತದೆ, ತುದಿಗಳು ಸ್ವಲ್ಪ ಹರಡಿಕೊಳ್ಳುತ್ತವೆ. ಡ್ರೈವರ್ ಕಿಟಕಿ ಮೇಲೆ ಕಣ್ಣಿಡಿ. ಹೆಲ್ಮೆಟ್ ಶಾರ್ಪ್ ಇದ್ದರೆ ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ.

ಬಿಸಿಲಲ್ಲಿ 1/60 ಇಟ್ಟರೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100ರಲ್ಲೂ ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಎಫ್ 20ರ ಆಚೆ ಹೋಗಿ ತೀರಾ ಕಿರಿದಾಗುತ್ತದೆ. ಫೋಟೋ ಮೆತ್ತಗಾಗುತ್ತದೆ, ಸೆನ್ಸರ್ ಮೇಲಿನ ಧೂಳಿನ ಚುಕ್ಕೆಗಳೆಲ್ಲ ಎದ್ದು ಕಾಣುತ್ತವೆ. 3 ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಕಪ್ಪು ಗಾಜು) ಒಂದಿದ್ದರೆ ಎಫ್ 8ರಲ್ಲಿ ಆರಾಮಾಗಿ ತೆಗೆಯಬಹುದು. ಖರ್ಚು ಮಾಡಲೇಬೇಕು ಅಂದರೆ ಅದಕ್ಕೆ ಮಾಡಿ. ಪೋಲರೈಸರ್ ಕೂಡ ಒಳ್ಳೆಯದು, ಬೆಳಕೂ ತಗ್ಗುತ್ತದೆ, ಗಾಜಿನ ಹೊಳಪು ಹೋಗಿ ಡ್ರೈವರ್ ಮುಖವೂ ಕಾಣುತ್ತದೆ.

ತೋಟದ ಬೆಳಕು ಮಾತ್ರ ಬೇರೆಯೇ. ಸಿಲ್ವರ್ ಮರಗಳ ಮಧ್ಯೆ ಒಂದು ಹೆಜ್ಜೆ ಬಿಸಿಲು, ಮುಂದಿನ ಹೆಜ್ಜೆ ಕತ್ತಲು. ಕ್ಯಾಮೆರಾದ ಮೀಟರ್ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ, ಬಿಳಿ ಕಾರು ಬಂದರಂತೂ ಎಲ್ಲಾ ಕಪ್ಪಾಗಿ ಬರುತ್ತದೆ. ರಸ್ತೆಯ ಒಂದೇ ಒಂದು ತುಂಡು ಆರಿಸಿಕೊಳ್ಳಿ. ಅಲ್ಲಿನ ಮಣ್ಣಿಗೆ ಎಕ್ಸ್‌ಪೋಷರ್ ನೋಡಿ ಮ್ಯಾನುವಲ್‌ನಲ್ಲಿ ಇಟ್ಟುಬಿಡಿ. ಆ ತುಂಡಿನಲ್ಲಿ ಮಾತ್ರ ತೆಗೆಯಿರಿ. ಹಿಂದೆ ಕಾಫಿ ಗಿಡದ ಸಾಲು ಇದ್ದರೆ ಹಸಿರು ಗೆರೆಗಳಾಗಿ ಎಳೆದುಕೊಳ್ಳುತ್ತದೆ, ಎಷ್ಟು ಚೆಂದ ಗೊತ್ತಾ! ಬರೀ ಆಕಾಶ ಇದ್ದರೆ ಪ್ಯಾನ್ ಮಾಡಿಯೂ ಪ್ರಯೋಜನ ಇಲ್ಲ, ಎಳೆಯಲು ಅಲ್ಲಿ ಏನೂ ಇರುವುದಿಲ್ಲ.

ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ಮೊದಲೇ ನೋಡಿ. ಧೂಳು ನಿಮ್ಮಿಂದ ಆಚೆ ಹೋಗುವ ಬದಿಯಲ್ಲಿ ನಿಲ್ಲಿ. ಬೆಳಗಿನ ಸೂರ್ಯ ಧೂಳಿನ ಹಿಂದೆ ಬಿದ್ದರೆ ಇನ್ನೂ ಒಳ್ಳೆಯದು, ಕೆಂಪು ಮಣ್ಣು ಬೆಳಕು ಹಿಡಿಯುತ್ತದೆ. ಅಲ್ಲಿ ಲೆನ್ಸ್ ಬಿಚ್ಚಲೇಬೇಡಿ. ಗಾಜಿನ ಮೇಲೆ ಧೂಳು ಕೂತರೆ ಬಟ್ಟೆಯಿಂದ ಒರೆಸಬೇಡಿ, ಬ್ಲೋವರಿನಲ್ಲಿ ಊದಿ.

ಹಳದಿ_ಜಾಕೆಟ್

ನಾನು ಮಾರ್ಷಲ್ (ಸುರಕ್ಷತೆ ನೋಡಿಕೊಳ್ಳುವವನು) ಆಗಿ ಸ್ಟೇಜ್‌ಗಳಲ್ಲಿ, ಅಂದರೆ ರ‍್ಯಾಲಿಗಾಗಿ ಮುಚ್ಚಿದ ರಸ್ತೆಯ ತುಂಡುಗಳಲ್ಲಿ, ನಿಲ್ಲುತ್ತೇನೆ. ಮೇಲಿನವರು ಹೇಳಿದ್ದೆಲ್ಲ ಸರಿ. ನಿಲ್ಲುವ ಜಾಗದ ಬಗ್ಗೆ ಎರಡು ಮಾತು ಸೇರಿಸುತ್ತೇನೆ ಅಕ್ಕ.

ತಿರುವಿನ ಹೊರಬದಿ ಬೇಡವೇ ಬೇಡ. ಹಿಡಿತ ತಪ್ಪಿದ ಕಾರು ಬರುವುದು ಅಲ್ಲಿಗೇ. ಫೋಟೋಗೆ ಅದೇ ಒಳ್ಳೆ ಜಾಗ ಅನ್ನಿಸುತ್ತದೆ, ಕಾರು ನೇರ ನಿಮ್ಮ ಕಡೆ ಮುಖ ಮಾಡಿರುತ್ತದೆ, ಅದಕ್ಕೇ ಜನ ಹೋಗಿ ನಿಲ್ಲುತ್ತಾರೆ. ಒಳಬದಿಯಲ್ಲಿ, ರಸ್ತೆಗಿಂತ ಎತ್ತರದ ದರೆ ಮೇಲೆ, ಹಿಂದೆ ಓಡಲು ಜಾಗ ಇಟ್ಟುಕೊಂಡು ನಿಲ್ಲಿ. ಒಳಬದಿ ಅಂದ ಮಾತ್ರಕ್ಕೆ ಅಂಚಿಗೆ ಹೋಗಬೇಡಿ, ತಿರುವನ್ನು ಕತ್ತರಿಸಿಕೊಂಡು ಹೋಗುವ ಡ್ರೈವರುಗಳಿದ್ದಾರೆ. ಟೇಪ್ ಕಟ್ಟಿದ ಕಡೆ ಟೇಪಿನ ಹಿಂದೆಯೇ ಇರಿ. ಕೂರಬೇಡಿ, ಬ್ಯಾಗನ್ನು ಕಾಲ ಹತ್ತಿರ ಬಿಡಬೇಡಿ, ಎಡವುತ್ತೀರಿ.

ಮೊದಲ ಸ್ಪರ್ಧಿಗಿಂತ ಮುಂಚೆ 00, 0 ನಂಬರಿನ ಕಾರುಗಳು ಬರುತ್ತವೆ. ರಸ್ತೆ ಖಾಲಿ ಇದೆಯಾ ಅಂತ ನೋಡುವ ಕಾರುಗಳು ಅವು. ನಿಮ್ಮ ಶಟರ್, ಫೋಕಸ್ ಎಲ್ಲಾ ಅವುಗಳ ಮೇಲೆ ಪರೀಕ್ಷೆ ಮಾಡಿಕೊಳ್ಳಿ. ಆಮೇಲೆ ಕಾರುಗಳು ಒಂದೆರಡು ನಿಮಿಷಕ್ಕೊಂದರಂತೆ ಬರುತ್ತವೆ. ಆ ನಡುವೆ ರಸ್ತೆಗೆ ಇಳಿಯಬೇಡಿ. ಸೀಟಿ ಕೇಳಿದರೆ ಕಾರು ಹತ್ತಿರ ಬಂತು ಅಂತ ಅರ್ಥ. ಒಂದೇ ಸ್ಟೇಜನ್ನು ಸಾಮಾನ್ಯವಾಗಿ ಇನ್ನೊಮ್ಮೆ ಓಡಿಸುತ್ತಾರೆ, ಬೇರೆ ಕೋನ ಬೇಕಿದ್ದರೆ ಆಗ ಜಾಗ ಬದಲಾಯಿಸಿ. ಸ್ಟೇಜ್ ಮುಗಿಯುವ ತನಕ ಹೊರಗೆ ಬರಲು ಆಗುವುದಿಲ್ಲ, ನೀರು, ತಿಂಡಿ ಜೊತೆಗಿರಲಿ.

ಇನ್ನೊಂದು ವಿಷಯ. ಅದು ಯಾರದೋ ತೋಟ. ಅಡ್ಡ ಬಂತು ಅಂತ ಕಾಫಿ ಗಿಡದ ರೆಕ್ಕೆ (ಕೊಂಬೆ) ಮುರಿಯಬೇಡಿ. ಮಾಲೀಕರು ರಸ್ತೆ ಕೊಟ್ಟರೆ ತಾನೇ ರ‍್ಯಾಲಿ ನಡೆಯುವುದು.

ಇರುಂಗಾಟ್ಟುಕೋಟ್ಟೈ_ಬಸ್

ನಾನು ಚೆನ್ನೈಯಲ್ಲಿರುವ ಕನ್ನಡಿಗ, ಇಲ್ಲಿನ ಟ್ರ್ಯಾಕಿನಲ್ಲಿ ಬೈಕ್ ರೇಸ್ ತೆಗೆಯುತ್ತೇನೆ. ಪ್ರೇಕ್ಷಕರ ಕಡೆಯ ಜಾಲರಿ ಬೇಲಿ ಮಾಯವಾಗಬೇಕಾದರೆ ಲೆನ್ಸನ್ನು ಅದಕ್ಕೆ ಆದಷ್ಟು ಹತ್ತಿರ ಹಿಡಿದು ಅಪರ್ಚರ್ ಪೂರ್ತಿ ತೆರೆಯಬೇಕು. ಬೈಕಿಗೆ 1/320ರಿಂದ ಶುರು ಮಾಡಿ. ಬೈಕು ಮುಂದೆ ಹೋಗುತ್ತಾ ವಾಲುತ್ತಲೂ ಇರುತ್ತದೆ, ಕಾರಿಗಿಂತ ಕಷ್ಟ.

ನನ್ನದೂ ಒಂದು ಪ್ರಶ್ನೆ ಇದೆ ಸಿಲ್ವರ್‌ಓಕ್ ಸರ್. ಹೊಸದಾಗಿ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ತಗೊಂಡೆ. ಸೈಲೆಂಟ್ ಶಟರಿನಲ್ಲಿ ಪ್ಯಾನ್ ಮಾಡಿದರೆ ಹಿಂದಿನ ಕಂಬಗಳೆಲ್ಲ ಓರೆಯಾಗಿ ಬರುತ್ತವೆ, ಯಾಕೆ?

ಸಿಲ್ವರ್‌ಓಕ್_ನೆರಳು

ಸೈಲೆಂಟ್ ಅಂದರೆ ಎಲೆಕ್ಟ್ರಾನಿಕ್ ಶಟರ್, ಅದು ಇಡೀ ಚಿತ್ರವನ್ನು ಒಂದೇ ಸಲ ಹಿಡಿಯುವುದಿಲ್ಲ ಸರ್. ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ಕ್ಯಾಮೆರಾ ಪಕ್ಕಕ್ಕೆ ಸರಿದಿರುತ್ತದೆ, ಕಂಬ ವಾಲುತ್ತದೆ. ಇದು ಇವತ್ತಿನ ಕಥೆ ಅಲ್ಲ. ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನಲ್ಲಿ ಜಾಕ್ ಹೆನ್ರಿ ಲಾರ್ಟೀಗ್ ಎಂಬ ಹುಡುಗ ರೇಸ್ ಕಾರಿನ ಫೋಟೋ ತೆಗೆದ. ಅದರಲ್ಲಿ ಚಕ್ರ ಮೊಟ್ಟೆಯ ಹಾಗೆ ಮುಂದಕ್ಕೆ ಬಾಗಿದೆ, ರಸ್ತೆ ಪಕ್ಕ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಅವನ ಕ್ಯಾಮೆರಾದಲ್ಲಿ ಶಟರಿನ ಸೀಳು ಗಾಜಿನ ಪ್ಲೇಟಿನ ಮೇಲೆ ಹಾದುಹೋಗುತ್ತಿತ್ತು. ಅವನು ಕ್ಯಾಮೆರಾ ತಿರುಗಿಸಿದ, ಆದರೆ ಕಾರಿನಷ್ಟು ವೇಗವಾಗಿ ಅಲ್ಲ. ಅದಕ್ಕೇ ಎರಡೂ ಎರಡು ಕಡೆಗೆ ವಾಲಿದವು. ಇವತ್ತಿಗೂ ವೇಗ ಅಂದರೆ ನನಗೆ ಮೊದಲು ನೆನಪಾಗುವುದು ಆ ಚಿತ್ರ. ನಿಮಗೆ ಕಂಬ ನೆಟ್ಟಗೆ ಬೇಕಿದ್ದರೆ ಮೆಕ್ಯಾನಿಕಲ್ ಶಟರ್ ಹಾಕಿಕೊಳ್ಳಿ.

ಹೇಮಾವತಿ_ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರ 1/125ರಲ್ಲಿ ಆಟೋಗಳನ್ನು ತೆಗೆದೆ, ಚಕ್ರ ತಿರುಗುತ್ತಿರುವುದು ಚೆನ್ನಾಗಿ ಕಾಣುತ್ತಿದೆ! ಒಂದೇ ತೊಂದರೆ, ಮಧ್ಯೆ ಕಂಬ, ಮರ ಬಂದ ಕೂಡಲೇ ಫೋಕಸ್ ಅದಕ್ಕೆ ಹಾರುತ್ತದೆ.

ಸಿಲ್ವರ್‌ಓಕ್_ನೆರಳು

ಭಾಳ ಖುಷಿಯಾಯ್ತು ಮೇಡಂ. ಎಐ ಸರ್ವೋದಲ್ಲಿ (ಚಲಿಸುವ ವಸ್ತುವನ್ನು ಫೋಕಸ್ ಹಿಂಬಾಲಿಸುವ ಮೋಡ್) ಇಡಿ, 9 ಫೋಕಸ್ ಪಾಯಿಂಟುಗಳಲ್ಲಿ ನಡುವಿನದು ಮಾತ್ರ ಆನ್ ಇರಲಿ. ಫೋಕಸ್ ಕೆಲಸವನ್ನು ಶಟರ್ ಬಟನ್‌ನಿಂದ ತೆಗೆದು ಹಿಂದಿನ ಸ್ಟಾರ್ ಬಟನ್ನಿಗೆ ಕೊಡಿ, ಮೆನುವಿನ ಕಸ್ಟಮ್ ಫಂಕ್ಷನ್‌ನಲ್ಲಿದೆ. ಹೆಬ್ಬೆರಳು ಒತ್ತಿ ಕಾರು ಹಿಡಿಯಿರಿ. ಮರ ಬರುವ ಹೊತ್ತಿಗೆ ಹೆಬ್ಬೆರಳು ತೆಗೆಯಿರಿ, ತೋರುಬೆರಳು ಶಟರ್ ಬಟನ್ ಒತ್ತುತ್ತಲೇ ಇರಲಿ. ಧೂಳು ಜಾಸ್ತಿ ಇದ್ದರೆ ಇದೂ ಬೇಡ. ರಸ್ತೆಯಲ್ಲಿ ಒಂದು ಕಲ್ಲು ನೋಡಿಕೊಂಡು ಅದಕ್ಕೆ ಫೋಕಸ್ ಮಾಡಿ, ಲೆನ್ಸನ್ನು ಮ್ಯಾನುವಲ್‌ಗೆ ಹಾಕಿ. ಕಾರು ಕಲ್ಲಿಗೆ ಬರುವ ಸ್ವಲ್ಪ ಮುಂಚೆಯೇ ಒತ್ತಲು ಶುರು ಮಾಡಿ. ರ‍್ಯಾಲಿ ಮುಗಿದ ಮೇಲೆ ಫೋಟೋ ಇಲ್ಲೇ ಹಾಕಿ, ಶಟರ್ ಎಷ್ಟಿತ್ತು ಅಂತಲೂ ಬರೆಯಿರಿ.