ಸಮುದ್ರದ ತಳದ ಬಂಡೆ ಒಳಗೆ ಬ್ಯಾಕ್ಟೀರಿಯಾ? ನಂಬೋದಾ?

ಕುತೂಹಲಿ:
ಪೆಸಿಫಿಕ್ ಸಾಗರದ ತಳದಿಂದ ಸುಮಾರು ನೂರು ಮೀಟರ್ ಕೆಳಗೆ, 10 ಕೋಟಿ ವರ್ಷ ಹಳೇ ಬಂಡೇಲಿ ಬ್ಯಾಕ್ಟೀರಿಯಾ ಕಿಕ್ಕಿರಿದಿವೆ, ಒಂದು ಘನ ಸೆಂಟಿಮೀಟರ್‌ಗೆ 1000 ಕೋಟಿ ಜೀವಕೋಶ ಅಂತ ಓದ್ದೆ. ಬೆಳಕಿಲ್ಲ ಏನಿಲ್ಲ, ಕಲ್ಲೊಳಗೆ ಜಾಗ ಎಲ್ಲಿಂದ ಬಂತು? ಡ್ರಿಲ್ ಮಾಡೋವಾಗ ಮೇಲಿನ ನೀರಿಂದ ಸೇರ್ಕೊಂಡಿರೋ ಚಾನ್ಸ್ ಇಲ್ವಾ?

ಬಸಾಲ್ಟ್ ಭಟ್ಟ:
ಇದು ಬಸಾಲ್ಟ್ ಕಣ್ರೀ, ಲಾವಾ ತಣ್ಣಗಾಗೋವಾಗ ಬಿರುಕು ಬಿಡುತ್ತೆ, ಒಂದು ಮಿಲಿಮೀಟರ್‌ಗಿಂತ ಸಣ್ಣವೂ ಇರ್ತವೆ, ಅದರಲ್ಲಿ ಸಮುದ್ರದ ನೀರು ಓಡಾಡಿ ಓಡಾಡಿ ಕಬ್ಬಿಣದಂಶ ಇರೋ ಜೇಡಿ ತುಂಬ್ಕೊಳ್ಳುತ್ತೆ. ಜೀವ ಇರೋದು ಆ ಜೇಡೀಲಿ. 1000 ಕೋಟಿ ಲೆಕ್ಕಾನೂ ಅದಕ್ಕೇ, ಇಡೀ ಬಂಡೆಗಲ್ಲ, ಹೆಡ್‌ಲೈನ್ ಬರೆಯೋರು ಇದನ್ನ ಮಾತ್ರ ನುಂಗಿಬಿಡ್ತಾರೆ.

ಕೋರ್ (ಕೊರೆದು ತೆಗೆದ ಕಲ್ಲಿನ ಕಂಬ) ತೆಗೆದಿದ್ದು 2010ರಲ್ಲಿ, ದಕ್ಷಿಣ ಪೆಸಿಫಿಕ್‌ನಲ್ಲಿ, ಜಾಯ್ಡಸ್ ರೆಸಲ್ಯೂಷನ್ ಅನ್ನೋ ಡ್ರಿಲ್ಲಿಂಗ್ ಹಡಗಿಂದ. ಟೋಕಿಯೋ ವಿವಿಯ ಯೋಹೇ ಸುಜುಕಿ ತಂಡದ ಪೇಪರ್ ಬಂದಿದ್ದು 2020ರಲ್ಲಿ. ಸಾಮಾನ್ಯವಾಗಿ ಕಲ್ಲನ್ನ ಪುಡಿ ಮಾಡಿ ಎಣಿಸ್ತಾರೆ, ಅವಾಗ ಯಾವುದು ಎಲ್ಲಿತ್ತು ಅನ್ನೋದೇ ಗೊತ್ತಾಗಲ್ಲ. ಇವರು ಎಪಾಕ್ಸಿ ಅನ್ನೋ ಗಟ್ಟಿಯಾಗೋ ಅಂಟು ಹಾಕಿ ಗಟ್ಟಿ ಮಾಡ್ಕೊಂಡು ತೆಳ್ಳಗೆ ಹೋಳು ಮಾಡಿ, ಡಿಎನ್‌ಎಗೆ ಅಂಟೋ ಬಣ್ಣ ಹಾಕಿ ನೋಡಿದ್ರು. ಕಪ್ಪು ಕಲ್ಲಿನ ಮಧ್ಯೆ ಜೇಡಿಯ ಗೆರೆ ಕಿತ್ತಳೆ ಬಣ್ಣಕ್ಕೆ ಹೊಳೀತಿದೆ, ಅದರೊಳಗೆ ಹಸಿರು ಚುಕ್ಕಿ ಒತ್ತೊತ್ತಾಗಿ. ಮೇಲಿನ ನೀರು ಮೆತ್ಕೊಂಡಿದ್ರೆ ಹೀಗೆ ಜೇಡಿ ಒಳಗೇ ಗುಂಪಾಗಿ ಯಾಕೆ ಕೂರ್ತಿತ್ತು ಹೇಳಿ.

ನೀಲಿಗಡಲು:
ಒಪ್ಪಿದೆ, ಆದ್ರೆ ಎಲ್ಲಾ ಕಡೆ ಹೀಗೇ ಅಂದ್ಕೋಬೇಡಿ. ಹಿಂದೂ ಮಹಾಸಾಗರದ ಅಟ್ಲಾಂಟಿಸ್ ಬ್ಯಾಂಕ್ ಅನ್ನೋ ಕಡಲಡಿಯ ದಿಬ್ಬದಲ್ಲಿ ಇನ್ನೂ ಆಳದ ಗ್ಯಾಬ್ರೋ (ಕರಗಿದ ಕಲ್ಲು ಹೊರಗೆ ಬರದೆ ಒಳಗೇ ತಣ್ಣಗಾಗಿದ್ದು) ಬಂಡೆ ಕೊರೆದಾಗ ಘನ ಸೆಂಟಿಮೀಟರ್‌ಗೆ 2000ಕ್ಕಿಂತ ಕಮ್ಮಿ ಸಿಕ್ಕಿದ್ದು. ಅಲ್ದೆ 2020ರಲ್ಲೇ ಇನ್ನೊಂದು ಸುದ್ದಿ ಓಡ್ತಿತ್ತಲ್ಲ, 10 ಕೋಟಿ ವರ್ಷದ ಬ್ಯಾಕ್ಟೀರಿಯಾಗೆ ಊಟ ಹಾಕಿ ಎಬ್ಬಿಸಿದ್ರು ಅಂತ, ಅದು ಬಂಡೆಯದ್ದಲ್ಲ, ಬಂಡೆ ಮೇಲೆ ಕೂತಿರೋ ಕೆಸರಿನದ್ದು. ಎರಡನ್ನೂ ಕಲಸಿಬಿಡ್ತಾರೆ ಜನ.

ಕುತೂಹಲಿ:
ಸೂಪರ್. ಸರಿ, ತಿನ್ನೋದೇನು?

ಬಸಾಲ್ಟ್ ಭಟ್ಟ:
ಜಾಗದ ಮೇಲೆ ಹೋಗುತ್ತೆ. ಬಂಡೆಯ ಕಬ್ಬಿಣ ನೀರಿನ ಜೊತೆ ರಿಯಾಕ್ಟ್ ಆದ್ರೆ ಹೈಡ್ರೋಜನ್ ಬರುತ್ತೆ, ಅದನ್ನೇ ಇಂಧನ ಮಾಡ್ಕೊಂಡು ಇಂಗಾಲದ ಡೈಆಕ್ಸೈಡಿಂದ ಮೀಥೇನ್ ಮಾಡೋವು ಇವೆ. ಈಶಾನ್ಯ ಪೆಸಿಫಿಕ್‌ನ ವಾನ್ ದ ಫೂಕಾ ರಿಡ್ಜ್ (ಕಡಲಡಿಯ ಬೆಟ್ಟಸಾಲು) ಪಕ್ಕದ 35 ಲಕ್ಷ ವರ್ಷದ ಬಸಾಲ್ಟ್‌ನಲ್ಲಿ ಮೀಥೇನ್ ಮಾಡೋವು ಸಿಕ್ಕಿವೆ, 2013ರ ಪೇಪರ್. ದಕ್ಷಿಣ ಪೆಸಿಫಿಕ್‌ನವು ಬೇರೆ, ಹೆಚ್ಚಿನವು ಆಕ್ಸಿಜನ್ ಬಳಸ್ಕೊಂಡು ಸಾವಯವ ಪದಾರ್ಥ ತಿನ್ನೋವು.

ಸುಮ್ನೆ_ಓದೋನು:
ಅಷ್ಟು ಆಳಕ್ಕೆ ಆಕ್ಸಿಜನ್ನಾ??

ನೀಲಿಗಡಲು:
ಹ್ಞೂಂ. ಆ ಭಾಗದಲ್ಲಿ ಮೇಲ್ಗಡೆ ಜೀವಾನೇ ತುಂಬ ಕಮ್ಮಿ, ಹಾಗಾಗಿ ಸತ್ತು ಕೆಳಗೆ ಬೀಳೋದೂ ಕಮ್ಮಿ, ಕೆಸರಲ್ಲಿರೋ ಜೀವಿಗಳಿಗೆ ತಿನ್ನೋಕೆ ಇಲ್ಲ ಅಂದ್ಮೇಲೆ ಆಕ್ಸಿಜನ್ ಖರ್ಚಾಗಲ್ಲ, ನಿಧಾನಕ್ಕೆ ಇಳಿದು ಬಸಾಲ್ಟ್‌ವರೆಗೂ ತಲುಪುತ್ತೆ. ಕರಾವಳಿ ಹತ್ರದ ಕೆಸರಲ್ಲಾದ್ರೆ ಕೆಲವು ಮಿಲಿಮೀಟರ್, ಸೆಂಟಿಮೀಟರ್‌ಗೇ ಖಾಲಿ.