ಸಮಸ್ಯಾಪೂರಣ: ‘ಸಾವು ಹೆದರಿತು ಸಾಯಬಂದವನ ಕಂಡು’

ಗೆಳೆಯರೇ, ಈ ವಾರದ ಸಮಸ್ಯೆ ಇದು:

ಸಾವು ಹೆದರಿತು ಸಾಯಬಂದವನ ಕಂಡು

ಇದೇ ಕೊನೆಯ ಸಾಲಾಗುವಂತೆ ಮೇಲೆ ಮೂರು ಸಾಲು ಸೇರಿಸಿ, ಚೌಪದಿಯಲ್ಲಿ (ನಾಲ್ಕು ಸಾಲಿನ ಪದ್ಯದಲ್ಲಿ) ಪೂರಣ ಮಾಡಿ. ಐದು ಮಾತ್ರೆಯ (ಉಚ್ಚಾರದ ಕಾಲದಳತೆಯ) ಗಣ, ಅಂದರೆ ಅಕ್ಷರಗಳ ಗುಂಪು. ಒಂದು ಮತ್ತು ಮೂರನೇ ಸಾಲಿಗೆ ನಾಲ್ಕು ಗಣ, ಎರಡು ಮತ್ತು ನಾಲ್ಕನೇ ಸಾಲಿಗೆ ಮೂರು ಗಣ, ಕೊನೆಗೆ ಮೂರು ಮಾತ್ರೆ. ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರ) ‘ವ’, ಅದರ ಹಿಂದಿನ ಅಕ್ಷರ ದೀರ್ಘ. ಸಾವು, ನೋವು, ಜೀವ, ಠಾವು ಹೀಗೆ ಪದಗಳು ಬೇಕಾದಷ್ಟಿವೆ. ಕಷ್ಟ ಇರುವುದು ಅರ್ಥದಲ್ಲಿ. ಒಂದು ಕೋರಿಕೆ: ‘ಆತ್ಮಕ್ಕೆ ಸಾವಿಲ್ಲ, ಹೆದರಬೇಡ’ ಅಂತ ಒಂದೇ ಏಟಿಗೆ ಮುಗಿಸಬೇಡಿ. ಅದನ್ನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೇವೆ. ಆದರೂ ನಡುರಾತ್ರಿ ಊರಿನಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ?

ಪೂರಣ 1

ಯಾವ ವರ ಬೇಕೆನಲು ಬೇರೆ ಸಿರಿಯನು ತೊರೆದು
ಸಾವಿನಾಚೆಯ ಗುಟ್ಟ ಕೇಳಿದನು ಬಾಲ
ಆವ ಲೋಭಕು ಬಗ್ಗದಿದ್ದವನ ಛಲವರಿತು
ಸಾವು ಹೆದರಿತು ಸಾಯಬಂದವನ ಕಂಡು

ಸಮಸ್ಯೆ ನೋಡಿದ ಕೂಡಲೇ ನಚಿಕೇತ ನೆನಪಾದ ಸರ್. ಅಪ್ಪ ಸಿಟ್ಟಿನಲ್ಲಿ ‘ನಿನ್ನನ್ನು ಸಾವಿಗೆ ಕೊಟ್ಟೆ’ ಅಂದ, ಹುಡುಗ ನಿಜವಾಗಿಯೂ ಯಮನ ಮನೆಗೆ ಹೊರಟೇ ಬಿಟ್ಟ.

ಸಮಸ್ಯೆ ಕೊಟ್ಟವರ ಮಾತು: ಬಹಳ ಚೆನ್ನಾಗಿದೆ. ನೀವು ಹೇಳದೆ ಬಿಟ್ಟ ಒಂದು ವಿಷಯವೂ ಸಮಸ್ಯೆಗೆ ಹೊಂದುತ್ತದೆ. ಕಠೋಪನಿಷತ್ತಿನಲ್ಲಿ ಯಮ ಮೊದಲೇ ಅಳುಕಿದ್ದಾನೆ. ಮನೆಗೆ ಬಂದ ಅತಿಥಿ ಮೂರು ರಾತ್ರಿ ಊಟವಿಲ್ಲದೆ ಇದ್ದನಲ್ಲ, ಅದರ ಪಾಪ ತನಗೆ ತಟ್ಟಬಾರದು ಅಂತ ನಮಸ್ಕಾರ ಮಾಡಿ, ರಾತ್ರಿಗೊಂದರಂತೆ ಮೂರು ವರ ಕೊಡುತ್ತಾನೆ. ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಅನ್ನುವ ಪ್ರಶ್ನೆ ಬರುವುದು ಮೂರನೆಯ ವರದಲ್ಲಿ. ಆಗ ಯಮ ‘ಬೇರೆ ಏನಾದರೂ ಕೇಳು, ದೇವತೆಗಳಿಗೂ ಇದರಲ್ಲಿ ಸಂಶಯ ಇದೆ’ ಅನ್ನುತ್ತಾನೆ. ಪ್ರಶ್ನೆಯನ್ನು ಅಷ್ಟು ಗೌರವದಿಂದ ಇಟ್ಟಿದ್ದಾರೆ ಅನ್ನುವುದೇ ನನಗೆ ದೊಡ್ಡದು.

ಪೂರಣ 2

ನೋವನುಣ್ಣುತ ಕೂಳ ದಿನದಿನಕೆ ತೊರೆಯುತ್ತ
ಭಾವಶುದ್ಧಿಯೊಳು ಬಂಡೆಯಲೊರಗಿದಾತ
ಕಾವ ಜವನನು ತಾನೆ ಕಾಯಿಸಿದನೆಂಬಾಗ
ಸಾವು ಹೆದರಿತು ಸಾಯಬಂದವನ ಕಂಡು

ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಎಲ್ಲರೂ ಬಾಹುಬಲಿಯ ಬೆಟ್ಟ ಹತ್ತಿ ಇಳಿದು ಹೋಗುತ್ತಾರೆ. ಎದುರಿನ ಚಿಕ್ಕಬೆಟ್ಟದ ಬಂಡೆಯ ಮೇಲೆ, ಕಾಲಿನ ಕೆಳಗೇ, ಸಲ್ಲೇಖನದಿಂದ, ಅಂದರೆ ವ್ರತ ತೊಟ್ಟು ಊಟವನ್ನು ಹಂತಹಂತವಾಗಿ ಬಿಟ್ಟು, ಪ್ರಾಣ ಬಿಟ್ಟ ಜೈನರ ಶಾಸನಗಳಿವೆ. ಕೆಲವು ಸುಮಾರು 1400 ವರ್ಷ ಹಳೆಯವು. ರಾಷ್ಟ್ರಕೂಟರ ನಾಲ್ಕನೇ ಇಂದ್ರ 982ರಲ್ಲಿ ಪ್ರಾಣ ಬಿಟ್ಟದ್ದೂ ಇದೇ ಊರಿನಲ್ಲಿ.

ಇನ್ನೊಬ್ಬರ ಪ್ರಶ್ನೆ: ಮೂರನೇ ಸಾಲು ಓದಿ ಮೈ ಜುಮ್ಮೆಂದಿತು ಮೇಡಂ. ಆದರೆ ಇದು ಆತ್ಮಹತ್ಯೆಯನ್ನು ಹೊಗಳಿದಂತೆ ಆಗುವುದಿಲ್ಲವೇ?

ಉತ್ತರ: ಇಲ್ಲ, ಈ ವ್ಯತ್ಯಾಸ ನನಗೆ ಮುಖ್ಯ. ಜೈನರು ಇದಕ್ಕೆ ಕಟ್ಟುನಿಟ್ಟಾದ ನಿಯಮ ಇಟ್ಟಿದ್ದಾರೆ. ತೀರಾ ಮುಪ್ಪು, ವಾಸಿಯಾಗದ ರೋಗ, ಕ್ಷಾಮ, ತಪ್ಪಿಸಿಕೊಳ್ಳಲಾಗದ ಆಪತ್ತು ಇಂಥ ಸಂದರ್ಭ ಇರಬೇಕು. ಗುರುವಿನ ಒಪ್ಪಿಗೆ ಬೇಕು. ಬೇಗ ಸಾಯಲಿ ಅಂತ ಬಯಸಿದರೂ ದೋಷ, ಇನ್ನೂ ಬದುಕಲಿ ಅಂತ ಬಯಸಿದರೂ ದೋಷ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಅಪರಾಧ ಅಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ನನ್ನ ಪದ್ಯದಲ್ಲಿ ಅವಸರ ಇಲ್ಲ, ಅದಕ್ಕೇ ಜವನನ್ನು, ಅಂದರೆ ಯಮನನ್ನು, ‘ಕಾಯಿಸಿದ’ ಅಂತ ಹಾಕಿದೆ.

ಪೂರಣ 3

ಸಾವಿರಲು ನಾನಿಲ್ಲ, ನಾನಿರಲು ಸಾವಿಲ್ಲ
ನಾವಿಬ್ಬರೆಂದಿಗೂ ಸಂಧಿಸೆವು ಎಂದ
ಠಾವುಗೆಟ್ಟೀ ತರ್ಕದೇಟಿಂಗೆ ದಿಗಿಲಾಗಿ
ಸಾವು ಹೆದರಿತು ಸಾಯಬಂದವನ ಕಂಡು

ಮೊದಲ ಸಾಲಿನ ವಾದ ನನ್ನದಲ್ಲ, ಕ್ರಿಸ್ತಪೂರ್ವ 341ರಲ್ಲಿ ಹುಟ್ಟಿದ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್‌ನದು. ದೇಹದಾಚೆ ಆತ್ಮ ಇಲ್ಲ ಅಂದ ನಮ್ಮ ಚಾರ್ವಾಕರೂ ದೂರದವರಲ್ಲ. ಬೂದಿಯಾದ ದೇಹ ಮತ್ತೆ ಬರುವುದೆಲ್ಲಿ ಅಂತ ಕೇಳಿದವರು ಅವರು. 14ನೇ ಶತಮಾನದಲ್ಲಿ ಮಾಧವಾಚಾರ್ಯರು ದರ್ಶನಗಳನ್ನೆಲ್ಲ ಒಂದು ಗ್ರಂಥಕ್ಕೆ ತಂದಾಗ ಚಾರ್ವಾಕ ಮತವನ್ನೇ ಮೊದಲಿಗೆ ಇಟ್ಟರು.

ಕೊಟ್ಟವರ ಮಾತು: ಮೊದಲ ಸಾಲಿನಲ್ಲಿ ನಾಲ್ಕು ಪದಕ್ಕೆ ನಾಲ್ಕು ಗಣ ಒಂದೊಂದಾಗಿ ಕೂತಿವೆ. ಭೇಷ್! ಆದರೆ ಈ ವಾದ ಹೆದರುವವನಿಗೆ ಸಾಲುವುದಿಲ್ಲ ಅನ್ನಿಸುತ್ತದೆ. ಸತ್ತ ಮೇಲೆ ನೋವಿಲ್ಲ, ಸರಿ. ಸಾಯುವಾಗ? ಉಳಿದವರ ಗತಿ?

ಪೂರಣ 4

ನೋವು ಹೆಚ್ಚಿದ ರಾತ್ರಿ ಕೈ ಬಿಗಿದು ಹಿಡಿದವಗೆ
ಜೀವದಾಸೆಯ ಬಿಟ್ಟು ಬೇರೇನು ಗೊತ್ತು?
ಯಾವ ಕವಿ ಬರೆದನೋ ಈ ಬಣ್ಣದಾ ಮಾತ,
‘ಸಾವು ಹೆದರಿತು ಸಾಯಬಂದವನ ಕಂಡು’

ನಮ್ಮ ತಂದೆ ದಿನಾ ಗೀತೆಯ ಎರಡನೇ ಅಧ್ಯಾಯ ಓದುತ್ತಿದ್ದವರು. ‘ಜೀರ್ಣವಾದ ಬಟ್ಟೆ ಬದಲಿಸಿದ ಹಾಗೆ’ ಅನ್ನುವುದನ್ನು ಊರಿನವರಿಗೆಲ್ಲ ಬಿಡಿಸಿ ಹೇಳುತ್ತಿದ್ದರು. ಕೊನೆಯ ರಾತ್ರಿ ನನ್ನ ಮಣಿಕಟ್ಟನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದು, ಸತ್ತ ಮೇಲೆ ವೈತರಣಿ ನದಿ ದಾಟಲು ಗೋದಾನ ಮಾಡಿಸಿದೆಯಾ ಅಂತ ಕೇಳಿದರು. ಮಾಡಿಸಿದೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ‘ಲೈಟ್ ಆರಿಸಬೇಡ ಮಗಾ’ ಅಂದರು. ಅಷ್ಟೇ. ಅದಾದ ಮೇಲೆ ನನಗೆ ಈ ಸಾಲನ್ನು ನಿಜ ಅಂತ ಬರೆಯಲು ಆಗಲಿಲ್ಲ.

ಕೊಟ್ಟವರ ಮಾತು: ಅಮ್ಮಾ, ನನ್ನ ಮಟ್ಟಿಗೆ ಈ ವಾರದ ಪೂರಣ ಇದೇ. ಸಮಸ್ಯೆಯ ಸಾಲನ್ನು ಇನ್ನೊಬ್ಬ ಕವಿಯ ಬಾಯಿಗೆ ಹಾಕಿ ಬಿಡಿಸುವುದು ಹಳೆಯ ದಾರಿ. ಸಾಮಾನ್ಯವಾಗಿ ಅದನ್ನು ಜಾಣತನ ತೋರಿಸಲು ಬಳಸುತ್ತಾರೆ, ನೀವು ಸತ್ಯ ಹೇಳಲು ಬಳಸಿದ್ದೀರಿ. ಗೀತೆ ಓದಿದವರು ಹೆದರಿದರು ಅಂದರೆ ಓದಿದ್ದು ವ್ಯರ್ಥ ಅಂತ ನನಗೆ ಅನ್ನಿಸುವುದಿಲ್ಲ. ಮೈಗೆ ಅದರದೇ ಭಯ ಇದೆ, ಅದು ತರ್ಕ ಕೇಳುವುದಿಲ್ಲ. ಜ್ಞಾನಿಗಳಿಗೂ ಬದುಕಿಗೆ ಅಂಟಿಕೊಳ್ಳುವ ಗುಣ ಬಿಡದು ಅಂತ ಯೋಗಸೂತ್ರದ ಪತಂಜಲಿಯೇ ಹೇಳಿದ್ದಾರೆ, ಅದನ್ನು ಅಭಿನಿವೇಶ ಅಂತ ಕರೆದಿದ್ದಾರೆ. ನಿಮ್ಮ ತಂದೆಗೆ ಆಗ ಬೇಕಾಗಿದ್ದದ್ದು ಒಂದು ಕೈ, ಒಂದು ಬೆಳಕು. ಎರಡೂ ಸಿಕ್ಕಿದವು.

ಪೂರಣ 3 ಬರೆದವರು: ಒಪ್ಪಿದೆ. ನನ್ನ ಪದ್ಯ ಹಗಲಿನದು, ಇದು ರಾತ್ರಿಯದು. ಆದರೂ ಒಂದು ಮಾತು ಕೇಳಬೇಕು. ಹುಟ್ಟುವ ಮೊದಲೂ ನಾವು ಇರಲಿಲ್ಲ. ವಿಜಯನಗರ ಬಿದ್ದಾಗ ಇರಲಿಲ್ಲ, ನಮ್ಮ ಮುತ್ತಜ್ಜಿಯ ಮದುವೆಗೂ ಇರಲಿಲ್ಲ. ಆ ಇಲ್ಲದಿರುವಿಕೆಗೆ ಯಾರೂ ಹೆದರುವುದಿಲ್ಲವಲ್ಲ? ರೋಮಿನ ಕವಿ ಲುಕ್ರೇಷಿಯಸ್ ಇದನ್ನೇ ಕೇಳಿದ್ದ.

ಕೊಟ್ಟವರ ಮಾತು: ಹುಟ್ಟುವ ಮೊದಲು ನಮಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಈಗ ಮಕ್ಕಳಿದ್ದಾರೆ, ಅರ್ಧ ಓದಿಟ್ಟ ಪುಸ್ತಕ ಇದೆ. ನನ್ನ ಉತ್ತರ ಇಷ್ಟೇ, ನಿಮಗೆ ಸಾಲದಿದ್ದರೆ ಪದ್ಯದಲ್ಲೇ ಜಗಳ ಆಡಿ. ಮುಂದಿನ ವಾರದ ಸಮಸ್ಯೆ ನಿಮ್ಮ ಪ್ರಶ್ನೆಯಿಂದಲೇ ಹುಟ್ಟಿತು. ಛಂದಸ್ಸು ಇದೇ, ಪ್ರಾಸ ‘ಟ್ಟ’:

ಹುಟ್ಟದಿದ್ದವನ ತಿಥಿಯೂಟ ರುಚಿಯಾಯ್ತು